ಓದುಗರ ಪ್ರಶ್ನೆ: ಆಲ್ಫಾ ಸೆಂಟಾರಿಯ ಮೂವರು

ಪ್ರಶ್ನೆ: ಆಲ್ಫಾ ಸೆಂಟಾರಿ ಮೂರು ನಕ್ಷತ್ರಗಳ ಕೂಟವಂತೆ. ನಮ್ಮ ಕಡೆಯಿಂದ ಕಾಣುತ್ತದೆಯೇ? 10×50 ಬೈನಾಕ್ಯುಲರ್‌ ಸಾಕೇ? (ಓದುಗರು, ಚಿತ್ರದುರ್ಗ)

ಕಾಣುತ್ತದೆ, ಆದರೆ ಬಲು ತಗ್ಗಿನಲ್ಲಿ. ದುರ್ಗದಲ್ಲಿ ಅದು ದಕ್ಷಿಣ ದಿಗಂತದಿಂದ 15 ಡಿಗ್ರಿಯಷ್ಟೇ ಏರುತ್ತದೆ. ಕೈ ಚಾಚಿ ಹಿಡಿದ ಒಂದೂವರೆ ಮುಷ್ಟಿ ಎತ್ತರ. ಮೇ ಮಧ್ಯದಲ್ಲಿ ರಾತ್ರಿ ಹನ್ನೊಂದೂವರೆಗೆ ನೋಡಿ. ಜೂನ್‌ ಆರಂಭಕ್ಕೆ ಹತ್ತೂಕಾಲಿಗೇ ಆ ಎತ್ತರಕ್ಕೆ ಬರುತ್ತದೆ, ಮೋಡ ಬಿಟ್ಟರೆ. ಮೊದಲು ಶಿಲುಬೆಯಾಕಾರದ ನಕ್ಷತ್ರಪುಂಜ ತ್ರಿಶಂಕುವನ್ನು ಗುರುತಿಸಿಕೊಳ್ಳಿ. ಅದರ ಎಡಕ್ಕೆ ಎರಡು ಪ್ರಖರ ತಾರೆಗಳಿವೆ, ದೂರದ್ದೇ ಆಲ್ಫಾ.

ಬೈನಾಕ್ಯುಲರ್‌ನಲ್ಲಿ ಮೂವರಲ್ಲಿ ಪ್ರಖರವಾದ ಎರಡು, ಎ ಮತ್ತು ಬಿ, ಬೇರೆಯಾಗುವುದಿಲ್ಲ, ಒಂದೇ ಚುಕ್ಕಿ. ಮೂರನೆಯದಾದ ಪ್ರಾಕ್ಸಿಮಾ ಅವುಗಳಿಂದ 2.2 ಡಿಗ್ರಿ ಆಚೆ, ನೀವು ನೋಡುವ ವೃತ್ತದೊಳಗೇ ಇರುತ್ತದೆ. ಆದರೆ ಅದರ ಕಾಂತಿಮಾನ (ಹೊಳಪಿನ ಅಳತೆ; ಅಂಕಿ ಹೆಚ್ಚಿದಷ್ಟೂ ಮಂಕು) 11.1, ಕಣ್ಣಿಗೆ ಸಿಗದು.

ಪ್ರಶ್ನೆ: ನಾಲ್ಕೂವರೆ ಇಂಚಿನ ಟೆಲಿಸ್ಕೋಪ್‌ನಲ್ಲೂ ಬಣ್ಣಬಣ್ಣದ ನಡುಗುವ ಉಂಡೆ ಮಾತ್ರ ಕಂಡಿತು. ಯಾಕೆ? (ಓದುಗರು, ದಾವಣಗೆರೆ)

ದೋಷ ಟೆಲಿಸ್ಕೋಪಿನದಲ್ಲ. ಅಷ್ಟು ತಗ್ಗಿನಲ್ಲಿ ಬೆಳಕು ನೆತ್ತಿಗಿಂತ ನಾಲ್ಕು ಪಟ್ಟಿನಷ್ಟು ಗಾಳಿ ದಾಟಿ ಬರುತ್ತದೆ. ಅದಕ್ಕೇ ನಡುಕ, ಅಂಚಿನ ಕೆಂಪು, ನೀಲಿ ಸಹ ಗಾಳಿಯದೇ ಕೆಲಸ. ಬೇಸಿಗೆಯ ಬರಿಬಂಡೆ, ತಗಡಿನ ಚಾವಣಿ ರಾತ್ರಿಯೆಲ್ಲ ಕಾವು ಬಿಡುತ್ತವೆ. ಅವುಗಳ ಮೇಲೆ ಸ್ಟ್ಯಾಂಡ್‌ ಇಡಬೇಡಿ. ಹುಲ್ಲು ಅಥವಾ ಮಣ್ಣಿನ ನೆಲ ಹುಡುಕಿ, ದಕ್ಷಿಣ ಬಯಲಾಗಿರಲಿ. ಮುಕ್ಕಾಲು ಗಂಟೆ ಮುಂಚೆ ಟೆಲಿಸ್ಕೋಪನ್ನು ಹೊರಗಿಟ್ಟು ತಣಿಯಲು ಬಿಡಿ. ವರ್ಧನೆ 100ರಿಂದ 120 ಸಾಕು; ಹೆಚ್ಚಿಸಿದರೆ ನಡುಕವೂ ಹೆಚ್ಚುತ್ತದೆ. 2016ರ ಸುಮಾರಿಗೆ ಈ ಜೋಡಿಯ ಅಂತರ 4 ಆರ್ಕ್‌ ಸೆಕೆಂಡಿಗೆ (ಒಂದು ಆರ್ಕ್‌ ಸೆಕೆಂಡ್‌ ಅಂದರೆ ಡಿಗ್ರಿಯ 3,600ನೇ ಒಂದು ಭಾಗ) ಇಳಿದಿತ್ತು, ಈಗ ಅಗಲವಾಗುತ್ತಿದೆ. ನಿಮಗೆ ಅನುಕೂಲವೇ. ಅಂದಹಾಗೆ, ಇದು ಜೋಡಿಯೆಂದು 1689ರಲ್ಲಿ ಕಂಡುಕೊಂಡ ಪಾದ್ರಿ ಝಾನ್‌ ರಿಶೋ ನೋಡಿದ್ದು ಪುದುಚೇರಿಯಿಂದ.

ಪ್ರಶ್ನೆ: ಅವುಗಳ ತೂಕ ಹೇಗೆ ತಿಳಿಯಿತು? (ಓದುಗರು, ಹೊಳಲ್ಕೆರೆ)

ಸುತ್ತುವ ಲೆಕ್ಕದಿಂದ. ಅಂತರದ ಘನವನ್ನು ಸುತ್ತುವ ವರ್ಷಗಳ ವರ್ಗದಿಂದ ಭಾಗಿಸಿದರೆ ಜೋಡಿಯ ಒಟ್ಟು ತೂಕ ಸೂರ್ಯನ ಎಷ್ಟು ಪಟ್ಟು ಎಂದು ಸಿಗುತ್ತದೆ. ಎ, ಬಿ ಪರಸ್ಪರ ಸುತ್ತಲು ಸುಮಾರು 80 ವರ್ಷ. ಸರಾಸರಿ ಅಂತರ ಭೂಮಿ–ಸೂರ್ಯರ ದೂರದ 23.3 ಪಟ್ಟು. 23.3ರ ಘನ 12,650. 80ರ ವರ್ಗ 6,400. ಭಾಗಿಸಿದರೆ 1.98, ಅಂದರೆ ಎರಡೂ ಸೇರಿ ಸೂರ್ಯನ ಎರಡು ಪಟ್ಟಿಗೆ ತುಸು ಕಡಿಮೆ. ಅದರಲ್ಲಿ ಎ ಪಾಲು 1.08, ಬಿ ಪಾಲು 0.91. ಎ ನಮ್ಮ ಸೂರ್ಯನದೇ ಜಾತಿ, ಬೆಳಕು ಒಂದೂವರೆ ಪಟ್ಟು. ಬಿ ಕಿತ್ತಳೆ ಛಾಯೆಯದು, ಅರ್ಧ ಬೆಳಕು.

ಪ್ರಾಕ್ಸಿಮಾ ಈ ಜೋಡಿಯಿಂದ ಭೂಮಿ–ಸೂರ್ಯರ ದೂರದ ಸುಮಾರು 13,000 ಪಟ್ಟು ಆಚೆ ನಿಂತಿದೆ. ಒಂದು ಸುತ್ತಿಗೆ ಐದು ಲಕ್ಷ ವರ್ಷಕ್ಕೂ ಮಿಗಿಲು. ಇಂಥ ದೂರದಿಂದಲೇ ಮೂವರ ಸಂಸಾರ ಉಳಿದಿದೆ. ಮೂರೂ ಹತ್ತಿರವಿದ್ದರೆ ಒಂದನ್ನು ಉಳಿದೆರಡು ಹೊರಗೆಸೆಯುವ ಸಂಭವವೇ ಹೆಚ್ಚು. ಇದರ ತೂಕ ಸೂರ್ಯನ 0.12 ಮಾತ್ರ, ಹೊಮ್ಮುವುದು ಬಹುಪಾಲು ಅವಗೆಂಪು, ಅಂದರೆ ಕಣ್ಣಿಗೆ ಕಾಣದ ಬೆಳಕು. 4.24 ಜ್ಯೋತಿರ್ವರ್ಷ ದೂರದ ಈ ಹತ್ತಿರದ ನೆಂಟ 1915ರವರೆಗೆ ಪತ್ತೆಯಾಗದಿದ್ದುದು ಅದಕ್ಕೇ. ಎಂಟು ಇಂಚಿನ ಟೆಲಿಸ್ಕೋಪಿನಲ್ಲಿ ಹುಡುಕುವವರು 2000ನೇ ಇಸವಿಯ ನಕ್ಷೆಯನ್ನು ನೆಚ್ಚಬೇಡಿ: ಅದು ವರ್ಷಕ್ಕೆ 3.85 ಆರ್ಕ್‌ ಸೆಕೆಂಡ್‌ ಸರಿಯುತ್ತದೆ, ಪಕ್ಕದ ಯಾವುದೋ ಮಂಕು ಚುಕ್ಕಿಯನ್ನೇ ಪ್ರಾಕ್ಸಿಮಾ ಅಂದುಕೊಳ್ಳುತ್ತೀರಿ.