ಕಳಲೆ ಡಬ್ಬಿ ಮುಚ್ಚಬೇಡ ತಂಗಿ

ತೀರ್ಥಹಳ್ಳಿಯಿಂದ ಪುಣೆಗೆ ಬಂದು ಎರಡು ತಿಂಗಳಾಯಿತು ಅಂದಿದ್ದೀಯ. ಮೊನ್ನೆ ಆಫೀಸಿನಲ್ಲಿ ಕಳಲೆ ಪಲ್ಯದ ಡಬ್ಬಿ ಬಿಚ್ಚಿದಾಗ ಪಕ್ಕದವನು "ಬಿದಿರು ತಿನ್ನೋದು ಆನೆ ಅಲ್ವಾ?" ಅಂದನಂತೆ, ಇಡೀ ಮೇಜು ನಕ್ಕಿತಂತೆ. ನಗಬೇಕಿತ್ತಾ, ಸಿಟ್ಟಾಗಬೇಕಿತ್ತಾ, ನಾಳೆಯಿಂದ ಚಪಾತಿ-ಆಲೂಗಡ್ಡೆ ಒಯ್ದರೆ ವಾಸಿಯಾ ಅಂತ ಕೇಳಿದ್ದೀಯ. ಜೊತೆಗೆ ಬಾಡಿಗೆ, ಮರಾಠಿ, ಊರಿನ ಬಸ್ಸು.

ಸಣ್ಣವನ್ನು ಮೊದಲು ಮುಗಿಸುತ್ತೇನೆ. ಹಿಂಜವಡಿಯಲ್ಲಿ ಕೆಲಸ ಅಂದರೆ ವಾಕಡ್ ಕಡೆ ಇಬ್ಬರು ಮೂವರು ಸೇರಿ ಮನೆ ಮಾಡಿ. ಇಲ್ಲಿ 11 ತಿಂಗಳ ಕರಾರನ್ನೂ ನೋಂದಣಿ ಮಾಡಿಸಲೇಬೇಕು, ಅದಾಗದೆ ಡೆಪಾಸಿಟ್ ಕೊಡಬೇಡ. ಮರಾಠಿ ತಾನಾಗೇ ಬರುತ್ತದೆ. ತುಪ್ಪಕ್ಕೆ ತೂಪ್ ಅನ್ನುತ್ತಾರೆ, ಅಡಕತ್ತರಿಗೆ ಅಡಕಿತ್ತಾ, ಅಣ್ಣ ಅಕ್ಕ ಹಾಗೇ ಇವೆ. ಬಸ್ಸಿನದು ನಿನಗೇ ಗೊತ್ತಾಗುತ್ತದೆ, ಹಬ್ಬಕ್ಕೆ ಮಾತ್ರ ಮುಂಚೆ ಬುಕ್ ಮಾಡು.

ಇನ್ನು ಊಟದ ಮೇಜು. ನಾನು ಕೊಪ್ಪದವಳು, 2008ರ ಮಳೆಗಾಲದಲ್ಲಿ ಬಂದೆ. ಭೋಸರಿಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರದ ಕೆಲಸ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಹತ್ತು ಜನ ಕೂತರೆ ಹತ್ತೂ ಡಬ್ಬಿ ನಡುವೆ ಬರುತ್ತಿದ್ದವು, ಬರುವ ಮುಂಚೆಯೇ ಮಸ್ಕರಿ ಶುರು. ಪುಣೆಯವರ ನಾಲಿಗೆ ಚುರುಕು, ನೋಡಿರುತ್ತೀಯ, ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ ಅನ್ನೋ ಬೋರ್ಡನ್ನೂ ಚುಚ್ಚಿಯೇ ಬರೆಯುತ್ತಾರೆ. ಕೊಂಕಣದವನ ಒಣ ಬೊಂಬಿಲ್ ಮೀನಿನ ವಾಸನೆಗೆ ಮೂಗು ಮುಚ್ಚುವರು, ಏಕಾದಶಿಯ ಸಾಬೂದಾಣೆ ಖಿಚಡಿ ನೋಡಿ "ಉಪವಾಸಾನಾ, ಔತಣಾನಾ?" ಅನ್ನುವರು. ಮಾತು ಎಲ್ಲರ ಮೇಲೂ ಸುತ್ತು ಬರುತ್ತಿತ್ತು. ಕಾಲೆಳೆದವನೇ ಕೊನೆಗೆ ನಿನ್ನ ಡಬ್ಬಿಗೆ ಕೈ ಹಾಕುತ್ತಾನೆ ಅಂದರೆ ಅದರಲ್ಲಿ ವಿಷ ಇಲ್ಲ.

ಒಳ್ಳೆಯದೂ ಆಗಿದೆ ಆ ಮೇಜಿನಲ್ಲಿ. ಮೊದಲ ಹೋಳಿ ಹಬ್ಬಕ್ಕೆ ಒಬ್ಬಾಕೆ ಪೂರಣ ಪೋಳಿ ತಂದಿದ್ದಳು, ಜೊತೆಗೆ ಬೇಳೆ ಬಸಿದ ನೀರಿನ ಕಟಾಚಿ ಆಮಟಿ. ಇದು ನಿನಗೆ ಸೇರುತ್ತೋ ಇಲ್ಲವೋ ಅಂತ ಅವಳಿಗೆ ಸಂಕೋಚ. ಒಂದು ಗುಟುಕು ಕುಡಿದರೆ ನಮ್ಮ ಹೋಳಿಗೆ ಸಾರೇ! ಕಣ್ಣಲ್ಲಿ ನೀರು ಬಂತು. ಖರವಸ್ ಅಂತ ಕೊಟ್ಟದ್ದು ನಮ್ಮ ಗಿಣ್ಣು, ಶೇಪು ಅಂದದ್ದು ಸಬ್ಬಸಿಗೆ. ಆಕೆ ಇವತ್ತಿಗೂ ನನ್ನ ಗೆಳತಿ.

ಆದರೆ ನಿನಗೆ ಹೇಳಲೇಬೇಕಾದದ್ದು ಬೇರೆ ಇದೆ.

2010ರ ಜನವರಿ. ಒಡಿಶಾದ ಮಯೂರಭಂಜ್ ಕಡೆಯ ಹುಡುಗನೊಬ್ಬ ಸ್ಟೋರ್ಸಿನಲ್ಲಿದ್ದ, ಮೆತ್ತಗಿನ ಮಾತು. ನನ್ನನ್ನು ದೀದಿ ಅನ್ನುತ್ತಿದ್ದ. ನಿಮ್ಮ ಊರಲ್ಲೂ ಕಾಡಿದೆ ಅಲ್ವಾ ಅಂತ ಕೇಳಿ ಕೇಳಿ ಮಲೆನಾಡಿನ ಕಥೆ ಹೇಳಿಸಿಕೊಳ್ಳುತ್ತಿದ್ದ. ಸಂಕ್ರಾಂತಿಗೆ ಊರಿಗೆ ಹೋಗಿ ಬಂದವನು ಒಂದು ಪುಟ್ಟ ಸ್ಟೀಲ್ ಡಬ್ಬಿ ತಂದು ಮೇಜಿನ ನಡುವೆ ಇಟ್ಟ. ಏನಿದು ಅಂದರು. ಕೆಂಪಿರುವೆ ಚಟ್ನಿ ಅಂದ.

ನನಗೆ ವಾಸನೆಗೇ ಗೊತ್ತಾಗಿತ್ತು, ತಂಗಿ. ನಮ್ಮ ಚಗಳಿ ಚಟ್ನಿ. ಅಪ್ಪ ಮೈಗೆ ಬೂದಿ ಬಳಿದುಕೊಂಡು ಮಾವಿನ ಮರ ಹತ್ತಿ, ಇರುವೆಗಳು ಎಲೆ ಹೊಲಿದು ಕಟ್ಟಿದ ಕೊಟ್ಟೆಯನ್ನು ಕೊಂಬೆ ಸಮೇತ ಕಡಿದು ಗೋಣಿಚೀಲಕ್ಕೆ ಇಳಿಸುತ್ತಿದ್ದರು. ಅಮ್ಮ ಕಾದ ಬಾಣಲೆಗೆ ಕೊಡವಿ ಹುರಿದು, ಸೂಜಿಮೆಣಸು, ಬೆಳ್ಳುಳ್ಳಿ, ಉಪ್ಪು, ಕಾಯಿತುರಿ ಹಾಕಿ ಕಲ್ಲಿನಲ್ಲಿ ಅರೆಯುತ್ತಿದ್ದಳು. ಹುಣಸೆಹಣ್ಣು ಬೇಡ, ಆ ಇರುವೆಯ ಮೈಯಲ್ಲಿರುವ ಫಾರ್ಮಿಕ್ ಆಮ್ಲವೇ ಹುಳಿ. ಬಿಸಿ ಅಕ್ಕಿರೊಟ್ಟಿಯ ತುದಿಗೆ ಸವರಿಕೊಂಡು ತಿಂದರೆ ಕಿವಿ ಬಿಸಿಯಾಗುತ್ತಿತ್ತು. ನಿನಗೆ ಬಿಡಿಸಿ ಹೇಳುವುದೇನು, ನಿಮ್ಮ ಕಡೆಯೂ ಮಾಡುತ್ತಾರೆ.

ಮೇಜಿನಲ್ಲಿ ಒಬ್ಬ ಹೋ ಅಂದ, ಇನ್ನೊಬ್ಬ ಕುರ್ಚಿ ಹಿಂದೆ ಎಳೆದ. ಹುಡುಗ ನನ್ನ ಕಡೆ ನೋಡಿದ. ನಮ್ಮಲ್ಲೂ ಇದೆ ಅಂತ ದೀದಿ ಹೇಳುತ್ತಾಳೆ ಅಂತಲೇ ನೋಡಿದ. ನಾನು ಅಂದೆ: "ಉದ್ಯಾ ಝುರಳಾಂಚಿ ಚಟಣಿ ಆಣಣಾರ್ ಕಾ?" ನಾಳೆ ಜಿರಳೆ ಚಟ್ನಿ ತರ್ತೀಯಾ ಅಂತ.

ಮರಾಠಿಯಲ್ಲಿ ನಾನು ಹೇಳಿದ ಮೊದಲ ತಮಾಷೆ ಅದು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು, ಒಬ್ಬರು ನನ್ನ ಬೆನ್ನು ತಟ್ಟಿದರು. ಬಂದು ಒಂದೂವರೆ ವರ್ಷಕ್ಕೆ ನಾನು ಇವರಲ್ಲಿ ಒಬ್ಬಳಾದೆ ಅನ್ನಿಸಿದ ಗಳಿಗೆಯೂ ಅದೇ. ಅವನೂ ನಕ್ಕ. ಮುಚ್ಚಳವನ್ನು ಹೆಬ್ಬೆರಳಿನಿಂದ ಸುತ್ತಲೂ ಒತ್ತಿ ಒತ್ತಿ ಮುಚ್ಚಿದ. ಮರುದಿನದಿಂದ ಸ್ಟೋರ್ಸಿನಲ್ಲೇ, ರಟ್ಟಿನ ಪೆಟ್ಟಿಗೆಗಳ ಹಿಂದೆ ಕೂತು ಉಂಡ. ಮಳೆಗಾಲದ ಹೊತ್ತಿಗೆ ಕೆಲಸ ಬಿಟ್ಟು ಹೋದ. ಅಷ್ಟು ದಿನವೂ ಎದುರು ಸಿಕ್ಕರೆ ದೀದಿ ಅಂತಲೇ ಅನ್ನುತ್ತಿದ್ದ. ನಮ್ಮ ಮನೆಯಲ್ಲೂ ತಿನ್ನುತ್ತೇವೆ ಅನ್ನುವ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ.

2024ರ ಜನವರಿಯಲ್ಲಿ ಮಯೂರಭಂಜಿನ ಸಿಮಿಲಿಪಾಲ್ ಕಾಯಿ ಚಟ್ನಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು ಅಂತ ಪೇಪರಿನಲ್ಲಿ ಬಂತು. ಕಾಯಿ ಅಂದರೆ ಅವರ ಭಾಷೆಯಲ್ಲಿ ಆ ಕೆಂಪಿರುವೆ. ಕತ್ತರಿಸಿ ಇಟ್ಟುಕೊಂಡೆ, ಕಳಿಸಲು ಅವನ ನಂಬರ್ ಯಾರ ಹತ್ತಿರವೂ ಇರಲಿಲ್ಲ. ಆ ಬೇಸಿಗೆ ಊರಿಂದ ಚಗಳಿ ಚಟ್ನಿ ತಂದು ಅದೇ ಕ್ಯಾಂಟೀನಿನಲ್ಲಿ ಬಿಚ್ಚಿ, ಏನೆಂದು ಮೊದಲೇ ಹೇಳಿ ಇಟ್ಟೆ. ಹೊಸ ಹುಡುಗರು ನಕ್ಕರು. ಮೂವರು ಭಾಕರಿಗೆ ಹಚ್ಚಿಕೊಂಡು ತಿಂದರು. ಒಬ್ಬ ನಿಂಬೆಹುಳಿ ಹಾಕಿದ್ದೀರಾ ಅಂದ. ಹದಿನಾಲ್ಕು ವರ್ಷ ತಡವಾಗಿತ್ತು.

ಅದಕ್ಕೇ ಹೇಳುತ್ತಿದ್ದೇನೆ, ಆಲೂಗಡ್ಡೆಗೆ ಇಳಿಯಬೇಡ. ಆನೆ ಅಂದವನಿಗೆ ನಕ್ಕುಬಿಡು, ನಕ್ಕು ಹೇಳು: ಹಸಿ ಕಳಲೆಯಲ್ಲಿ ಸಯನೈಡ್ ಆಗುವ ಅಂಶ ಇರುತ್ತದೆ, ಹೆಚ್ಚಿ, ದಿನಾ ನೀರು ಬದಲಿಸಿ, ಮೂರು ದಿನ ನೆನೆಹಾಕಿ ಬೇಯಿಸಿದ ಮೇಲೆ ಈ ಪಲ್ಯ ಅಂತ. ಅಷ್ಟು ಕೇಳಿದವನು ಒಂದು ಚಮಚ ಕೇಳದೆ ಇರುವುದಿಲ್ಲ. ಮಂಗಳೂರು ಕಡೆಯ ಕೊಂಕಣಿಯವರು ಯಾರಾದರೂ ಇದ್ದರೆ ಕೀರ್ಲು ಅನ್ನು, ಎದ್ದು ಬರುತ್ತಾರೆ. ನಿನ್ನ ಮೇಜಿನಲ್ಲಿ ಪ್ರತಿದಿನವೂ ಒಬ್ಬರ ಡಬ್ಬಿಯ ಮೇಲೇ ಮಾತು ಬರುತ್ತಿದೆಯಾ, ಅವರು ಯಾರು, ಅದನ್ನು ನೋಡು.

ಇನ್ನೊಂದು ಎಚ್ಚರ. ನಮ್ಮ ಭೀಮನ ಅಮಾವಾಸ್ಯೆ ಇಲ್ಲಿ ಗಟಾರಿ. ಅಂದು ಮಾಂಸದೂಟ ಜೋರು, ಮರುದಿನದಿಂದ ಶ್ರಾವಣ ಅಂತ ಎಷ್ಟೋ ಜನ ಮೀನು-ಮಾಂಸ ಮುಟ್ಟುವುದಿಲ್ಲ. ಆ ತಿಂಗಳು ಸಿಗಡಿ ಚಟ್ನಿ ಒಯ್ಯುವ ಮುಂಚೆ ಪಕ್ಕದವರನ್ನು ಕೇಳು.

ಭಾನುವಾರ ಬಾ. ಕಡುಬು ಮಾಡುತ್ತೇನೆ. ಕಳಲೆ ಉಳಿದಿದ್ದರೆ ಒಂದು ಹಿಡಿ ತಾ, ನೀರು ಮೂರು ದಿನ ಬದಲಿಸಿದ್ದೀಯ ತಾನೇ?