‘ಆಮ್ಯಾಲ?’ ಅಂತ ಕೇಳುವ ಮಗಳು

ಪ್ರಿಯ ಓದುಗರೇ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಇದು ಗದಗದಲ್ಲಿ ಕಿರಾಣಿ ಅಂಗಡಿ ನಡೆಸುವ ತಂದೆಯೊಬ್ಬರ ಪತ್ರ ಎಂದಷ್ಟೇ ಉಳಿದವರಿಗೆ ಹೇಳುತ್ತೇನೆ.

ಏಳನೇ ತರಗತಿಯ ಮಗಳು ಒಂದು ರಾತ್ರಿ, ‘ಇದನ್ನೆಲ್ಲಾ ಯಾಕ ಕಲೀಬೇಕಪ್ಪಾ?’ ಎಂದಳು. ‘ಮಾರ್ಕ್ಸ್ ಬರ್ತಾವ’ ಎಂದಿರಿ. ‘ಆಮ್ಯಾಲ?’ ‘ಚಲೋ ನೌಕರಿ ಸಿಗತದ.’ ‘ಆಮ್ಯಾಲ?’ ಸುಮ್ನೆ ಮಲಗು ಅಂತ ಗದರಿಸಿದಿರಿ. ಅವಳ ಶಾಲೆಯಲ್ಲಿ ಮೌಲ್ಯ ಶಿಕ್ಷಣಕ್ಕೂ ಪರೀಕ್ಷೆ ಇದೆ. ‘ಪ್ರಾಮಾಣಿಕತೆ ಎಂದರೇನು?’ ಎಂಬ ಪ್ರಶ್ನೆಗೆ ಪಕ್ಕದವಳದ್ದು ನೋಡಿ ಬರೆದು 2ಕ್ಕೆ 2 ತಗೊಂಡಳು. ಅದನ್ನು ಅವಳೇ ಮನೆಗೆ ಬಂದು ಹೇಳಿದಳು. ಈಗ ನೀವು ಕೇಳಿದ್ದು: ಮಕ್ಕಳ ಒಳಗನ್ನು ಬೆಳೆಸುವ ಪುಸ್ತಕ ಯಾವುದು? ಯಾವ ಶಿಬಿರಕ್ಕೆ ಕಳಿಸಲಿ? ಶ್ಲೋಕದ ಕ್ಲಾಸ್ ಇಡಿ ಅಂತ ಶಾಲೆಯವರನ್ನು ಕೇಳಲೇ?

ಎರಡು ಅಂಕದ ಕಥೆ ಓದಿ ನಮ್ಮ ಕಚೇರಿಯಲ್ಲಿ ಎಲ್ಲರೂ ನಕ್ಕರು. ಹುಡುಗಿಯದ್ದೇನೂ ತಪ್ಪಿಲ್ಲ ಅನ್ನಿ. ಅಂಕ ಇಟ್ಟ ಮೇಲೆ ಪ್ರಾಮಾಣಿಕತೆಯೂ ಒಂದು ಸಬ್ಜೆಕ್ಟ್. ಸಬ್ಜೆಕ್ಟ್ ಪಾಸಾಗುವುದು ಹೇಗೆಂದು ಮಕ್ಕಳಿಗೆ ಚೆನ್ನಾಗಿ ಗೊತ್ತು. ಪರೀಕ್ಷೆ ಮಾಡಿದವರಿಗೆ ಇಷ್ಟು ಹೊಳೆಯಬಾರದಿತ್ತೇ? ನನಗೆ ಮುಖ್ಯ ಅನ್ನಿಸಿದ್ದು, ಅವಳು ನಿಮ್ಮ ಮುಂದೆ ಅದನ್ನು ಬಾಯಿಬಿಟ್ಟು ಹೇಳಿದ್ದು. ನಿಮ್ಮ ಮೇಲೆ ಅವಳಿಗೆ ಭರವಸೆ ಇದೆ. ಹಾಗಾಗಿ ‘ಆಮ್ಯಾಲ?’ ಅಂದಾಗ ಗದರಿಸಬೇಡಿ. ‘ನನಗೂ ಪೂರ್ತಿ ಗೊತ್ತಿಲ್ಲವ್ವಾ, ನಿನಗೇನ ಅನಸ್ತದ?’ ಅನ್ನಿ. ಅಷ್ಟು ಹೇಳಿ ಅವಳ ಮಾತು ಮುಗಿಯುವವರೆಗೆ ಮೊಬೈಲ್ ಮುಟ್ಟಬೇಡಿ. ಕಷ್ಟ ಇರುವುದು ಎರಡನೆಯದರಲ್ಲೇ.

ಶ್ಲೋಕದ ವಿಷಯ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದು ಎನ್ನುತ್ತದೆ ಸಂವಿಧಾನದ 28ನೇ ವಿಧಿ. ಮಾನ್ಯತೆ ಅಥವಾ ಅನುದಾನ ಪಡೆದ ಬೇರೆ ಶಾಲೆಗಳಲ್ಲೂ ಪಾಲಕರು ಒಪ್ಪದೆ ಮಕ್ಕಳನ್ನು ಅದಕ್ಕೆ ಕೂರಿಸುವಂತಿಲ್ಲ. ಮನೆಯಲ್ಲಿ ಹೇಳಿಕೊಡಿ, ಬೇಡ ಅನ್ನುವವರು ಯಾರು? ಶಾಲೆಗೆ ಏನಾದರೂ ಕೇಳಲೇಬೇಕೆಂದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ತೋರಿಸಿ. ಮಗುವಿಗೆ ಭಯ, ಆತಂಕ ಇರಬಾರದು, ಅನ್ನಿಸಿದ್ದನ್ನು ಮುಕ್ತವಾಗಿ ಹೇಳಲು ಅದಕ್ಕೆ ನೆರವಾಗಬೇಕು ಎಂಬ ಮಾತು ಅಲ್ಲಿದೆ. ಎಂಟನೇ ತರಗತಿವರೆಗಿನ ಕಲಿಕೆಗೆ ಅದು ಅನ್ವಯಿಸುತ್ತದೆ. ವಾರದಲ್ಲಿ ಒಂದು ಪೀರಿಯಡ್ ಮಕ್ಕಳೇ ಪ್ರಶ್ನೆ ಕೇಳಲಿ, ಅದಕ್ಕೆ ಅಂಕ ಬೇಡ ಅಂತ ಕೇಳಿ ನೋಡಿ.

ನಿಮ್ಮ ಊರಲ್ಲೇ ವೀರೇಶ್ವರ ಪುಣ್ಯಾಶ್ರಮ ಇದೆ. ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಮಕ್ಕಳನ್ನು, ಬಡವರ ಮಕ್ಕಳನ್ನು ಸೇರಿಸಿಕೊಂಡು ಅನ್ನ ಹಾಕಿ ಸಂಗೀತ ಕಲಿಸಿದರು. ಹಿಂದುಸ್ತಾನಿ, ಕರ್ನಾಟಕಿ ಎರಡೂ ಬಲ್ಲವರು, ಅದಕ್ಕೇ ಉಭಯಗಾನ ವಿಶಾರದ ಎಂಬ ಬಿರುದು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು ಅದೇ ಕೆಲಸ ಹೊತ್ತರು, 2010ರಲ್ಲಿ ತಾವು ಹೋಗುವ ತನಕ. ಇಬ್ಬರೂ ಅಂಧರು. ಸಂಗೀತ ಕಲಿಯುವ ಮಗು ಮೊದಲು ಮಾಡಬೇಕಾದದ್ದು ಷಡ್ಜ, ಅಂದರೆ ‘ಸಾ’ ಸ್ವರ, ಹಿಡಿಯುವುದು. ತಂಬೂರಿ ಮುಂದೆ ಕೂತು ‘ಸಾ’ ಅನ್ನುವುದು, ತಪ್ಪುವುದು, ಮತ್ತೆ ಅನ್ನುವುದು. ಇದಕ್ಕೆ ಗೈಡ್ ಇಲ್ಲ. ಪಕ್ಕದವನ ‘ಸಾ’ ಕಾಪಿ ಹೊಡೆದರೆ ನಡೆಯಲ್ಲ. ಶ್ರುತಿ ಕೂಡಿದ ಗಳಿಗೆ ಗುರುವಿಗಿಂತ ಮೊದಲು ಮಗುವಿಗೇ ಗೊತ್ತಾಗಿಬಿಡುತ್ತದೆ. ಆ ಖುಷಿಗೆ ಹೊರಗಿನಿಂದ ಯಾರೂ 2ಕ್ಕೆ 2 ಕೊಡಬೇಕಿಲ್ಲ. ನಿಮ್ಮ ಮಗಳಿಗೆ ಬೇಕಿರುವುದು ಇಂಥ ಒಂದು ಕೆಲಸ. ಹಾಡೇ ಆಗಬೇಕೆಂದಿಲ್ಲ. ಕೈಯಿಂದ ಮಾಡುವಂಥದ್ದು, ಸರಿಯಾಯಿತೋ ಇಲ್ಲವೋ ಅವಳಿಗೇ ತಿಳಿಯುವಂಥದ್ದು. ಮಣ್ಣೆತ್ತಿನ ಅಮಾವಾಸ್ಯೆಗೆ ಪೇಟೆಯಿಂದ ರೆಡಿಮೇಡ್ ಎತ್ತು ತರುವ ಬದಲು ಒಂದು ಬುಟ್ಟಿ ಎರೆಮಣ್ಣು ತಂದುಕೊಡಿ. ಕೋಡು ಮುರಿಯುತ್ತದೆ, ಒಣಗಿದ ಮೇಲೆ ಹೊಟ್ಟೆ ಬಿರುಕು ಬಿಡುತ್ತದೆ. ಬಿಡಲಿ. ನೀವು ನಡುವೆ ಕೈ ಹಾಕಿ ಚಂದ ಮಾಡಲು ಹೋಗಬೇಡಿ.

ಇನ್ನು ನಿಮ್ಮ ಅಂಗಡಿ. ಓದು ಕೆಡುತ್ತದೆಂದು ಅವಳನ್ನು ಅತ್ತ ಬಿಡುವುದಿಲ್ಲ ಎಂದು ಬರೆದಿದ್ದೀರಿ. ನಾನಾದರೆ ಭಾನುವಾರ ಒಂದು ತಾಸು ಕೂರಿಸಿಕೊಳ್ಳುತ್ತಿದ್ದೆ. ದುಡಿಸಲು ಅಲ್ಲ, ನೋಡಲು. ಗಿರಾಕಿ ಎಣ್ಣೆಗೆ ಡಬ್ಬಿ ತರುತ್ತಾರೆ. ಖಾಲಿ ಡಬ್ಬಿಯನ್ನು ಎಲೆಕ್ಟ್ರಾನಿಕ್ ತಕ್ಕಡಿ ಮೇಲಿಟ್ಟು, ಟೇರ್ ಬಟನ್ ಒತ್ತಿ ಸೊನ್ನೆ ಮಾಡಿ, ಆಮೇಲೆ ಎಣ್ಣೆ ಸುರಿಯಬೇಕು. ಒತ್ತದಿದ್ದರೆ ಡಬ್ಬಿಯ ತೂಕಕ್ಕೂ ಗಿರಾಕಿ ಎಣ್ಣೆಯ ರೇಟ್ ಕೊಡುತ್ತಾರೆ. ಎಷ್ಟೋ ಜನರಿಗೆ ಅದು ಗೊತ್ತೇ ಆಗುವುದಿಲ್ಲ. ಅಪ್ಪ ಪ್ರತಿ ಸಲ ಆ ಬಟನ್ ಒತ್ತುವುದನ್ನು ಅವಳು ನೋಡಲಿ. ಉದ್ರಿ ಪುಸ್ತಕವನ್ನೂ ತೋರಿಸಿ. ಹಳೇ ಬಾಕಿ ಕೊಡದವರು ಮತ್ತೆ ಅಕ್ಕಿ ಕೇಳಿಕೊಂಡು ಬಂದಾಗ ನೀವು ಕೊಡುತ್ತೀರೋ ಇಲ್ಲವೋ, ಯಾಕೆ ಎಂದು ಅವಳು ಕೇಳುತ್ತಾಳೆ. ನಿಜ ಹೇಳಿ. ಮನಸ್ಸಿಲ್ಲದೆ ಕೊಟ್ಟಿದ್ದರೆ ಅದನ್ನೂ ಹೇಳಿ. ದೊಡ್ಡವರು ಯೋಚಿಸಿ ಒದ್ದಾಡಿ ತೀರ್ಮಾನ ಮಾಡುತ್ತಾರೆ ಎಂಬುದು ಮಕ್ಕಳ ಕಣ್ಣಿಗೆ ಬೀಳುವುದೇ ಕಡಿಮೆ. ನಾವು ಅವರಿಗೆ ಉತ್ತರಗಳನ್ನೇ ಜಾಸ್ತಿ ತೋರಿಸುತ್ತೇವೆ.

ಶಿಬಿರ ಬೇಡ ಅನ್ನುತ್ತಿಲ್ಲ. ಬೇಸಿಗೆ ಬಂದರೆ ಹುಬ್ಬಳ್ಳಿ-ಧಾರವಾಡದಲ್ಲಿ ಬ್ಯಾನರ್‌ಗಳಿಗೇನು ಬರವೇ? ಸೇರಿಸುವ ಮುಂಚೆ ವೇಳಾಪಟ್ಟಿ ಕೇಳಿ. ಬೆಳಗಿನಿಂದ ಸಂಜೆವರೆಗೆ ಭಾಷಣವೇ ತುಂಬಿದ್ದರೆ, ಮಕ್ಕಳು ಸುಮ್ಮನೆ ಕೂರಲು, ಆಡಲು ಅರ್ಧ ತಾಸೂ ಇಲ್ಲದಿದ್ದರೆ ದುಡ್ಡು ಉಳಿಸಿ. ಪುಸ್ತಕದ ಹೆಸರನ್ನು ಬೇಕೆಂದೇ ಕೊಡುತ್ತಿಲ್ಲ. ಅವಳನ್ನೇ ಲೈಬ್ರರಿಗೆ ಕರೆದೊಯ್ಯಿರಿ, ಬೇಕಾದ್ದನ್ನು ಅವಳೇ ಆರಿಸಲಿ. ಹತ್ತನೇ ತರಗತಿಗೆ ಹಿಂದೆ ಬೀಳುತ್ತಾಳೆಂಬ ಭಯ ಬಿಡಿ, ಇದಕ್ಕೆಲ್ಲಾ ವಾರಕ್ಕೆ ನಾಲ್ಕು ತಾಸು ಹೋದರೂ ಯಾರೂ ಹಿಂದೆ ಬೀಳುವುದಿಲ್ಲ.

ಚಳಿಗಾಲದಲ್ಲಿ ಒಂದು ಭಾನುವಾರ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಹೋಗಿ ಬನ್ನಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಬೆಳಗ್ಗೆ ಬೇಗ ಹೊರಡಿ, ಬುತ್ತಿ ಕಟ್ಟಿಕೊಳ್ಳಿ. ಮನೆಗೆ ಬಂದ ಮೇಲೆ ‘ಮಾಗಡಿ ಕೆರೆ’ ಅಂತ ಹತ್ತು ಸಾಲು ಪ್ರಬಂಧ ಮಾತ್ರ ಬರೆಸಬೇಡಿ.

ಸಂಪಾದಕ