ಹಿಂದಿನ ಚಕ್ರದ ಹೊಸ ಹಬ್: ತಾನಾಗಿ ಪಳಗುವುದೆಷ್ಟು, ನಾವು ಸರಿಪಡಿಸಬೇಕಾದದ್ದೆಷ್ಟು

ನಮಸ್ಕಾರ. ಹೈಬ್ರಿಡ್ ಸೈಕಲ್ಲಿಗೆ ಶಿಮಾನೊ ಕಂಪನಿಯ ಹಬ್ (ಚಕ್ರದ ನಡುವಿನ, ಕಡ್ಡಿಗಳು ಸೇರುವ ಭಾಗ) ಇರುವ ಹೊಸ ಹಿಂದಿನ ಚಕ್ರ ಹಾಕಿಸಿರುವ ಸದಸ್ಯರು ಕೇಳಿರುವುದು ಇಷ್ಟು. ಹಬ್ಬಿನ ನಡುವೆ ಹಾದ ಅಚ್ಚನ್ನು, ಅಂದರೆ ಆಕ್ಸಲ್ಲನ್ನು, ಬೆರಳಿನಿಂದ ತಿರುಗಿಸಿದರೆ ತುಸು ಒರಟಾಗಿ, ಬಿಗಿಯಾಗಿ ತಿರುಗುತ್ತದೆ, ನಾಲ್ಕಾರು ನೂರು ಕಿಲೋಮೀಟರ್ ಓಡಿದರೆ ತಾನಾಗಿ ಪಳಗುತ್ತದೆ ಎಂದು ಅಂಗಡಿಯವರು ಹೇಳಿದ್ದಾರೆ, ಅದು ನಿಜವೇ? ಮಳೆಗಾಲದಲ್ಲೂ ದಿನವೂ ಓಡಿಸುವವರು ಯಾವಾಗ ಗ್ರೀಸ್ ಬದಲಿಸಬೇಕು? ಮೇಲೆ ಒಬ್ಬರು ಸಲಹೆ ಕೊಟ್ಟಂತೆ ಹಿಂದಿನ ಹಲ್ಲುಚಕ್ರಗಳು ಕೂರುವ ಫ್ರೀಹಬ್ ಒಳಗೆ ಕೊಬ್ಬರಿ ಎಣ್ಣೆ ಬಿಡಬಹುದೇ? ಮೂರು ಪ್ರಶ್ನೆಗಳೂ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಹೊಸ ಮೋಟಾರ್ ಬೈಕನ್ನು ಮೊದಲು ನಿಧಾನವಾಗಿ ಓಡಿಸಿ ಪಳಗಿಸುವ ರೂಢಿಯಿಂದಲೇ ಈ ‘ಪಳಗುತ್ತದೆ’ ಎಂಬ ಮಾತು ಸೈಕಲ್ಲಿಗೂ ಬಂದಿರಬೇಕು. ಎಂಜಿನ್ನಿನಲ್ಲಿ ಪಿಸ್ಟನ್ನಿನ ರಿಂಗು ಸಿಲಿಂಡರಿನ ಗೋಡೆಗೆ ಉಜ್ಜಿಕೊಂಡು ಹೊಂದಿಕೊಳ್ಳುತ್ತದೆ, ಅಲ್ಲಿ ಆ ಮಾತಿಗೆ ಅರ್ಥವಿದೆ. ನಿಮ್ಮ ಹಬ್ಬಿನಲ್ಲಿ ಉಜ್ಜುವ ಕೆಲಸವೇ ಇಲ್ಲ. ಹದ ಕೊಟ್ಟು ಗಡಸು ಮಾಡಿದ ಉಕ್ಕಿನ ಗುಂಡುಗಳು ಬಟ್ಟಲಿನಂಥ ಕಪ್ ಮತ್ತು ಆಕ್ಸಲ್ಲಿನ ಮೇಲೆ ತಿರುಪಿ ಕೂರಿಸಿದ ಕೋನ್‌ಗಳ ನಡುವೆ ಉರುಳುತ್ತವೆ. ಮೊದಲ ಕೆಲವು ಸವಾರಿಗಳಲ್ಲಿ ನಿಜವಾಗಿ ಹೊಂದಿಕೊಳ್ಳುವುದು ಎರಡೇ: ನೀರು ಧೂಳು ತಡೆಯುವ ರಬ್ಬರ್ ಸೀಲಿನ ಅಂಚು ನುಣುಪಾಗುತ್ತದೆ, ಮತ್ತು ಒಂದೇ ಕಡೆ ಗಡ್ಡೆ ಕಟ್ಟಿದ ಗ್ರೀಸ್ ಗುಂಡುಗಳ ದಾರಿಯಿಂದ ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಇವೆರಡರಿಂದ ಚಕ್ರ ಸ್ವಲ್ಪ ಹಗುರಾಗುವುದು ನಿಜ. ಆದರೆ ಕೋನ್ ಅತಿಯಾಗಿ ಬಿಗಿಯಾಗಿದ್ದರೆ ಅದು ಓಡಿ ಓಡಿ ಸರಿಹೋಗುವುದಿಲ್ಲ. ಗುಂಡುಗಳು ಉರುಳುವ ಹಾದಿಯ ಮೇಲ್ಮೈ ಸಣ್ಣ ಸಣ್ಣ ಚಕ್ಕೆಗಳಾಗಿ ಏಳುತ್ತದೆ, ಆ ಸವೆತವನ್ನೇ ನಾವು ‘ಈಗ ಸಡಿಲವಾಯಿತು’ ಎಂದು ತಪ್ಪಾಗಿ ತಿಳಿಯುತ್ತೇವೆ. ಕೋನ್ ಹೋದರೆ ಹೊಸದು ಹಾಕಬಹುದು, ಗುಂಡುಗಳಿಗೆ ಬೆಲೆಯೇ ಇಲ್ಲ, ಆದರೆ ಈ ಹಬ್‌ಗಳಲ್ಲಿ ಎಡಗಡೆಯ ಕಪ್ಪನ್ನು ಒಡಲಿಗೇ ಒತ್ತಿ ಕೂರಿಸಿರುವುದರಿಂದ ಅದು ಹಾಳಾದರೆ ಇಡೀ ಹಬ್ ಬದಲಿಸಿ ಚಕ್ರವನ್ನು ಮತ್ತೆ ಹೆಣೆಯಬೇಕು. ಆದ್ದರಿಂದ ನನ್ನ ಸಲಹೆ ಒಂದೇ: ಕಾಯಬೇಡಿ, ಮೊದಲ ದೂರದ ಸವಾರಿಗೆ ಮುನ್ನವೇ ಕೋನ್‌ನ ಬಿಗಿ ನೋಡಿಸಿ. ಕಾರ್ಖಾನೆಯಿಂದ ಬರುವ ಕಡಿಮೆ ಬೆಲೆಯ ಹಬ್‌ಗಳು ಬೇಕಾದ್ದಕ್ಕಿಂತ ಬಿಗಿಯಾಗಿಯೇ ಇರುವುದು ಸಾಮಾನ್ಯ.

ಸೀಲಿನ ಬಿಗಿ ಯಾವುದು, ಕೋನ್‌ನ ಬಿಗಿ ಯಾವುದು ಎಂದು ಬೆರಳೇ ಹೇಳುತ್ತದೆ. ಚಕ್ರವನ್ನು ಫ್ರೇಮಿನಿಂದ ತೆಗೆದು, ಆಕ್ಸಲ್ಲಿನ ಒಳಗೆ ಹಾದು ಲಿವರಿನಿಂದ ಚಕ್ರವನ್ನು ಫ್ರೇಮಿಗೆ ಬಿಗಿಯುವ ಕ್ವಿಕ್ ರಿಲೀಸ್ ಕಡ್ಡಿಯನ್ನು ಹೊರಗೆಳೆದು, ಆಕ್ಸಲ್ಲಿನ ಎರಡೂ ತುದಿಗಳನ್ನು ಬೆರಳ ತುದಿಯಲ್ಲಿ ಹಿಡಿದು ಬಹಳ ನಿಧಾನವಾಗಿ ತಿರುಗಿಸಿ. ಸುತ್ತಿನುದ್ದಕ್ಕೂ ಒಂದೇ ಸಮನಾಗಿ, ಮೆತ್ತಗೆ ತಡೆದಂತೆ ಅನಿಸಿದರೆ ಅದು ಸೀಲು ಮತ್ತು ಹೊಸ ಗ್ರೀಸಿನ ತಡೆ, ಅದಕ್ಕೆ ಏನೂ ಮಾಡಬೇಕಾಗಿಲ್ಲ. ಗರಗರ ಎಂದು ಮರಳು ಸಿಕ್ಕಿದಂತೆ ಅಥವಾ ಹಲ್ಲು ಹಲ್ಲಾಗಿ ತಟ್ಟಿ ತಟ್ಟಿ ತಿರುಗಿದಂತೆ ಅನಿಸಿದರೆ ಅದು ಕೋನ್‌ನ ಬಿಗಿ. ನೀವು ‘ಒರಟು’ ಎಂದು ಬರೆದಿರುವುದರಿಂದ ಎರಡನೆಯದೇ ಇರಬೇಕು ಎಂದು ನನ್ನ ಊಹೆ.

ಸರಿಪಡಿಸುವಾಗ ಬಲಗಡೆಯ ಕೋನನ್ನು ಮುಟ್ಟದೆ ಎಲ್ಲ ಹೊಂದಾಣಿಕೆಯನ್ನೂ ಎಡಗಡೆಯಿಂದಲೇ ಮಾಡಬೇಕು. ಶಿಮಾನೊದ ಹೆಚ್ಚಿನ ಹಿಂದಿನ ಹಬ್‌ಗಳಲ್ಲಿ ಕೋನ್‌ಗೆ 15 ಮಿಮೀ, ಅದನ್ನು ಹಿಡಿದಿಡುವ ಹೊರಗಿನ ಲಾಕ್ ನಟ್‌ಗೆ 17 ಮಿಮೀ ಸ್ಪ್ಯಾನರ್ ಹಿಡಿಯುತ್ತದೆ. ಕೋನ್‌ಗೆ ಬೇಕಾದದ್ದು ತೆಳ್ಳಗಿನ ಕೋನ್ ಸ್ಪ್ಯಾನರ್. ದಪ್ಪನೆಯ ಮಾಮೂಲಿ ಸ್ಪ್ಯಾನರ್ ಅಲ್ಲಿ ಕೂರುವುದಿಲ್ಲ, ಅದಿಲ್ಲದ ಮೆಕ್ಯಾನಿಕ್ ಬರೀ ಹೊರಗಿನ ನಟ್ಟನ್ನು ಎಳೆದು ಬಿಗಿ ಮಾಡಿಬಿಡುತ್ತಾರೆ, ಜೊತೆಯಲ್ಲಿ ಕೋನೂ ತಿರುಗಿ ಒಳಕ್ಕೆ ಹೋಗುತ್ತದೆ. ಕೋನನ್ನು ಅಲುಗದಂತೆ ಹಿಡಿದು ಲಾಕ್ ನಟ್ ಸಡಿಲಿಸಿ, ಕೋನನ್ನು ಸುತ್ತಿನ ಎಂಟನೇ ಒಂದು ಭಾಗದಷ್ಟು ಹಿಂದಕ್ಕೆ ತಿರುಗಿಸಿ, ಮತ್ತೆ ಕೋನನ್ನು ಹಿಡಿದುಕೊಂಡೇ ಲಾಕ್ ನಟ್ ಬಿಗಿ ಮಾಡಿ. ಲಾಕ್ ನಟ್ ಪೂರ್ತಿ ಬಿಗಿಯಾಗುವಾಗ ತಿರುಪಿನ ಸುತ್ತುಗಳ ಸಡಿಲವನ್ನೆಲ್ಲ ಹೀರಿಕೊಂಡು ಕೋನನ್ನು ಕೂದಲೆಳೆಯಷ್ಟು ಒಳಕ್ಕೆ ತಳ್ಳುತ್ತದೆ, ಆದ್ದರಿಂದ ಒಂದೇ ಸಲಕ್ಕೆ ಹದ ಸಿಗದಿದ್ದರೆ ಬೇಸರ ಬೇಡ.

ಇಲ್ಲಿ ಬಹಳ ಮಂದಿ ಎಡವುವುದು ಕ್ವಿಕ್ ರಿಲೀಸ್ ವಿಷಯದಲ್ಲಿ. ಅದರ ಲಿವರ್ ಮುಚ್ಚಿದಾಗ ಟೊಳ್ಳಾದ ಆಕ್ಸಲ್ ಉದ್ದದಲ್ಲಿ ಅತ್ಯಲ್ಪ ಒತ್ತಿಕೊಳ್ಳುತ್ತದೆ, ಅಷ್ಟರಿಂದಲೇ ಕೋನ್‌ಗಳು ಗುಂಡುಗಳ ಮೇಲೆ ಇನ್ನಷ್ಟು ಕೂರುತ್ತವೆ. ಚಕ್ರ ಕೈಯಲ್ಲಿದ್ದಾಗ ಸಂಪೂರ್ಣ ಹದವಾಗಿ, ಆಟವೇ (ಅಲುಗಾಟವೇ) ಇಲ್ಲದಂತೆ ಕೂತಿದ್ದರೆ ಫ್ರೇಮಿಗೆ ಹಾಕಿ ಲಿವರ್ ಮುಚ್ಚಿದೊಡನೆ ಅದು ಬಿಗಿಯಾಗಿರುತ್ತದೆ. ಆದ್ದರಿಂದ ಚಕ್ರ ಹೊರಗಿದ್ದಾಗ ಆಕ್ಸಲ್ಲನ್ನು ಪಕ್ಕಕ್ಕೆ ಅಲುಗಿಸಿದರೆ ಇದ್ದೂ ಇಲ್ಲದಷ್ಟು ಆಟ ಉಳಿಸಿಕೊಳ್ಳಬೇಕು. ನಂತರ ಫ್ರೇಮಿಗೆ ಹಾಕಿ, ನೀವು ದಿನವೂ ಎಷ್ಟು ಬಿಗಿಯಾಗಿ ಲಿವರ್ ಮುಚ್ಚುವಿರೋ ಅಷ್ಟೇ ಬಿಗಿಯಾಗಿ ಮುಚ್ಚಿ, ಬ್ರೇಕ್ ಶೂ ಹತ್ತಿರ ರಿಮ್ಮನ್ನು ಹಿಡಿದು ಎಡಕ್ಕೂ ಬಲಕ್ಕೂ ತಳ್ಳಿ ನೋಡಿ. ಕೈಗೆ ಸಣ್ಣದಾಗಿ ‘ಟಕ್’ ಎಂದು ತಾಗಿದರೆ ಆಟ ಹೆಚ್ಚಾಯಿತು, ತೆಗೆದು ಚೂರು ಬಿಗಿ ಮಾಡಬೇಕು. ಏನೂ ತಾಗದಿದ್ದರೆ ಅದನ್ನೇ ಸರಿ ಎಂದು ನಂಬಬೇಡಿ. ಇನ್ನಷ್ಟು ಸಡಿಲಿಸುತ್ತಾ ಹೋಗಿ ಆ ‘ಟಕ್’ ಕಾಣಿಸಿಕೊಂಡ ಮೇಲೆ, ಅದು ಮಾಯವಾಗುವಷ್ಟು ಮಾತ್ರ ಮತ್ತೆ ಬಿಗಿ ಮಾಡಿ. ಈ ಹಾಕುವ ತೆಗೆಯುವ ಕೆಲಸಕ್ಕೆ ಸಂಜೆಯೆಲ್ಲಾ ಹಿಡಿದರೂ ಪರವಾಗಿಲ್ಲ. ಒಂದು ಎಚ್ಚರಿಕೆ: ಕ್ಯಾಸೆಟ್ಟನ್ನು (ಹಿಂದಿನ ಹಲ್ಲುಚಕ್ರಗಳ ಗೊಂಚಲನ್ನು) ಹಿಡಿದು ಅಲುಗಿಸಿ ‘ಆಟ ಇದೆ’ ಎಂದು ತೀರ್ಮಾನಿಸಬೇಡಿ. ಫ್ರೀಹಬ್ಬಿನ ಒಳಗೆ ಅದರದೇ ಬೇರೆ ಸಣ್ಣ ಗುಂಡುಗಳಿವೆ, ಹೊಸದರಲ್ಲೂ ಅದು ಸ್ವಲ್ಪ ಅಲುಗಾಡುವುದು ಸಹಜ.

ಹೀಗೆ ಹದ ಮಾಡಿದ ಮೇಲೆ ಇನ್ನೂರು ಮುನ್ನೂರು ಕಿಲೋಮೀಟರ್ ಆದ ನಂತರ ರಿಮ್ ಅಲುಗಿಸಿ ಮತ್ತೊಮ್ಮೆ ನೋಡಿ, ಚೂರು ಆಟ ಬಂದಿದ್ದರೆ ತೆಗೆಯಿರಿ. ಅದೇ ಹೊತ್ತಿಗೆ ಕ್ಯಾಸೆಟ್ಟನ್ನು ಹಿಡಿದಿಡುವ ಲಾಕ್ ರಿಂಗನ್ನೂ ನೋಡಿ, ಅದಕ್ಕೆ 40 ನ್ಯೂಟನ್ ಮೀಟರ್ ಬಿಗಿ ಬೇಕು. ಹೊಸ ಚಕ್ರದಲ್ಲಿ ನಿಜಕ್ಕೂ ಹೊಂದಿಕೊಳ್ಳಲು ಸಮಯ ಬೇಡುವುದು ಹಬ್ಬಿನಿಂದ ರಿಮ್ಮಿಗೆ ಹೋಗುವ ಕಡ್ಡಿಗಳು. ಮೊದಲ ಸವಾರಿಯಲ್ಲಿ ‘ಟಿಣ್ ಟಿಣ್’ ಎಂದು ಕೇಳಿಸಿದರೆ ಅದು ತಿರುಚಿಕೊಂಡಿದ್ದ ಕಡ್ಡಿಗಳು ನೇರವಾಗುವ ಸದ್ದು, ಹಬ್ಬಿನದ್ದಲ್ಲ. ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಒಮ್ಮೆ ಬೆಂಡ್ ತೆಗೆಸಿಕೊಂಡರೆ ಸಾಕು.

ಇನ್ನು ಎಣ್ಣೆಯ ಸಲಹೆ. ಆ ಸಲಹೆ ಕೊಟ್ಟ ಹಿರಿಯರ ಮಾತಿಗೂ ಆಧಾರವಿದೆ: ಹಿಂದಿನ ಕಾಲದ ಕಪ್ಪು ಸೈಕಲ್ಲಿನ ಹಬ್ಬಿನ ನಡುವೆ ಒಂದು ತೂತು, ಅದರ ಮೇಲೆ ಸ್ಪ್ರಿಂಗಿನಂಥ ಪಟ್ಟಿ ಇರುತ್ತಿತ್ತು, ಪಟ್ಟಿ ಸರಿಸಿ ಎಣ್ಣೆ ಬಿಡುವುದೇ ಅದರ ಆರೈಕೆಯ ವಿಧಾನವಾಗಿತ್ತು. ನಿಮ್ಮದರಲ್ಲಿ ಆ ತೂತಿಲ್ಲ, ಅದು ಗ್ರೀಸಿನ ಮೇಲೆ ಓಡುವ ಹಬ್; ಅಂಚಿನಿಂದ ಬಿಟ್ಟ ಎಣ್ಣೆ ಒಳಗಿನ ಗ್ರೀಸನ್ನು ತೆಳು ಮಾಡಿ ಹೊರಕ್ಕೆ ಹರಿಸುತ್ತದೆ. ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನಲ್ಲಿ ಮೈಸೂರಿನಲ್ಲಾಗಲಿ ಹಾಸನದಲ್ಲಾಗಲಿ ಬೆಳಿಗ್ಗೆ ಬಚ್ಚಲುಮನೆಯ ಬಾಟಲಿಯನ್ನು ಬಿಸಿನೀರಿನಲ್ಲಿಡದೆ ಎಣ್ಣೆ ಬೀಳುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಫ್ರೀಹಬ್ಬಿನ ಒಳಗೆ ಸಣ್ಣ ಸ್ಪ್ರಿಂಗಿನ ಬಲದಿಂದ ಎದ್ದು ಹಲ್ಲಿಗೆ ಕಚ್ಚಿಕೊಳ್ಳುವ ನಾಲಿಗೆಗಳಿವೆ. ಪೆಡಲ್ ತುಳಿದ ಬಲವನ್ನು ಚಕ್ರಕ್ಕೆ ಮುಟ್ಟಿಸುವುದು ಅವೇ. ಹೆಪ್ಪುಗಟ್ಟಿದ ಎಣ್ಣೆಯಲ್ಲೋ ಗಟ್ಟಿ ಗ್ರೀಸಿನಲ್ಲೋ ಅವು ಅಂಟಿಕೊಂಡರೆ ಏರಿನಲ್ಲಿ ಎದ್ದು ತುಳಿಯುವಾಗ ಪೆಡಲ್ ಥಟ್ಟನೆ ಜಾರಿ ಮುಖ ಹ್ಯಾಂಡಲ್ಲಿಗೆ ಬಡಿಯುತ್ತದೆ. ಹೊಸ ಫ್ರೀಹಬ್ಬಿಗೆ ಏನನ್ನೂ ಹಾಕಬೇಡಿ. ತುಳಿಯದೆ ಸಾಗುವಾಗ ಕೇಳುವ ಕಟಕಟ ಸದ್ದು ಆ ನಾಲಿಗೆಗಳದ್ದೇ, ಅದು ಜೋರಾಗಿದ್ದರೂ ದೋಷವಲ್ಲ. ಮುಂದೆಂದಾದರೂ ನೀರು ಹೋಗಿ ಒಣಗಿದ ಸದ್ದು ಬಂದರೆ ತೆಳುವಾದ ಯಂತ್ರದ ಎಣ್ಣೆಯ ಕೆಲವು ಹನಿ ಸಾಕು. ಅದಕ್ಕೂ ಬಗ್ಗದಿದ್ದರೆ ಆಕ್ಸಲ್ ತೆಗೆದು 10 ಮಿಮೀ ಅಲೆನ್ ಕೀಲಿಯಿಂದ ಒಳಗಿನ ಬೋಲ್ಟ್ ಬಿಚ್ಚಿ ಫ್ರೀಹಬ್ ಒಡಲನ್ನೇ ಬದಲಿಸುವುದು ವಾಸಿ; ಬಿಡಿಸಿ ಜೋಡಿಸುವ ಶ್ರಮಕ್ಕೆ ತಕ್ಕ ಫಲವಿಲ್ಲ.

ಗ್ರೀಸ್ ಬದಲಿಸುವ ಅವಧಿಯನ್ನು ಕಿಲೋಮೀಟರಿಗಿಂತ ಮಳೆಯಿಂದ ಲೆಕ್ಕ ಹಾಕುವುದು ನಮ್ಮ ಕಡೆಗೆ ಹೆಚ್ಚು ಸರಿ. ಬಯಲುಸೀಮೆಯಲ್ಲಿ ಒಣ ರಸ್ತೆಯಲ್ಲಷ್ಟೇ ಓಡಿಸುವವರಿಗೆ ವರ್ಷಕ್ಕೊಮ್ಮೆ ಸಾಕು. ಮಲೆನಾಡಿನಲ್ಲೂ ಕರಾವಳಿಯಲ್ಲೂ ಮಳೆಯಲ್ಲೇ ದಿನವೂ ಓಡಿಸುವವರು ಮಳೆಗಾಲಕ್ಕೆ ಮುನ್ನ ಒಮ್ಮೆ, ದಸರೆಯ ಹೊತ್ತಿಗೆ ಮಳೆ ಹಿಂದಾದ ಮೇಲೆ ಒಮ್ಮೆ ಬಿಚ್ಚುವುದು ಒಳ್ಳೆಯದು. ಹಬ್ ಮುಳುಗುವಷ್ಟು ನೀರಿನಲ್ಲಿ ಹಾದಿದ್ದರೆ ಅವಧಿಯ ಲೆಕ್ಕ ಬಿಟ್ಟು ಆ ವಾರವೇ ಬಿಚ್ಚಿ. ವಾಟರ್ ಸರ್ವಿಸ್ ಅಂಗಡಿಯ ಪೈಪನ್ನು ಹಬ್ಬಿನ ಪಕ್ಕಕ್ಕೆ ಹಿಡಿಯುವುದಕ್ಕಿಂತ ಕೆಸರು ಹಾಗೇ ಒಣಗುವುದು ಮೇಲು. ಆ ರಭಸಕ್ಕೆ ರಬ್ಬರ್ ಸೀಲು ತಡೆಯಾಗುವುದಿಲ್ಲ.

ಬಿಚ್ಚುವ ಕ್ರಮ ಕಷ್ಟದ್ದಲ್ಲ. ಕ್ಯಾಸೆಟ್ ತೆಗೆದು, ಚಕ್ರವನ್ನು ಹಳೆಯ ಬಿಳಿ ಬಟ್ಟೆಯ ಮೇಲೆ ಮಲಗಿಸಿ, ಎಡಗಡೆಯ ಲಾಕ್ ನಟ್, ವಾಷರ್, ಕೋನ್‌ಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದು ದಾರಕ್ಕೆ ಪೋಣಿಸಿಟ್ಟು, ಆಕ್ಸಲ್ಲನ್ನು ಬಲಕ್ಕೆ ಎಳೆಯಿರಿ. ಹಿಂದಿನ ಹಬ್ಬಿನಲ್ಲಿ ಬದಿಗೆ 9ರಂತೆ ಕಾಲು ಇಂಚಿನ 18 ಗುಂಡುಗಳಿರುತ್ತವೆ. ಜೋಡಿಸಿದಾಗ ಸಣ್ಣ ಸಂದು ಉಳಿಯುತ್ತದೆ, ಅಲ್ಲಿಗೆ ಹತ್ತನೆಯದನ್ನು ತುರುಕಬಾರದು. ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಕಪ್ಪನ್ನು ಒರೆಸಿ, ಆದರೆ ಸೀಮೆಎಣ್ಣೆಯನ್ನು ಹಬ್ಬಿನ ಒಳಕ್ಕೆ ಸುರಿಯಬೇಡಿ, ಅದು ಫ್ರೀಹಬ್ಬಿಗೆ ಇಳಿದು ಅಲ್ಲಿನ ಜಿಡ್ಡನ್ನೆಲ್ಲ ತೊಳೆದುಬಿಡುತ್ತದೆ. ಡಿಸ್ಕ್ ಬ್ರೇಕ್ ಇದ್ದರೆ ರೋಟರನ್ನು (ಬ್ರೇಕಿನ ತಟ್ಟೆಯನ್ನು) ಮೊದಲೇ ಬಿಚ್ಚಿ ದೂರವಿಡಿ.

ಒರೆಸಿದ ಕೋನನ್ನು ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ ನೋಡಿ. ಗುಂಡುಗಳು ಓಡಿದ ಹಾದಿ ಒಂದು ಗೆರೆಯಾಗಿ ಕಾಣುತ್ತದೆ. ಅದು ಕನ್ನಡಿಯಂತೆ ಹೊಳೆಯುತ್ತಿದ್ದರೆ, ಅಗಲ ಸುತ್ತಲೂ ಒಂದೇ ಆಗಿದ್ದರೆ ಎಲ್ಲವೂ ಸರಿ. ಒಂದು ಬದಿಗೆ ಅಗಲ, ಇನ್ನೊಂದು ಬದಿಗೆ ಕಿರಿದಾಗಿದ್ದರೆ ಆಕ್ಸಲ್ ಬಾಗಿರುವ ಸಂಭವವಿದೆ. ಗಾಜಿನ ಮೇಲೆ ಉರುಳಿಸಿದರೆ ತಿಳಿಯುತ್ತದೆ. ಕಣ್ಣಿಗೆ ಕಾಣದ ಗುಳಿಯನ್ನು ಹುಡುಕಲು ಬಾಲ್ ಪೆನ್ನಿನ ತುದಿಯನ್ನು ಆ ಗೆರೆಯ ಮೇಲೆ ಹಗುರವಾಗಿ ಓಡಿಸಿ. ಒಳ್ಳೆಯ ಮೇಲ್ಮೈಯಲ್ಲಿ ಪೆನ್ನು ಸದ್ದಿಲ್ಲದೆ ಜಾರುತ್ತದೆ, ಗುಳಿ ಬಿದ್ದಲ್ಲಿ ತಟಕ್ಕನೆ ತಡವರಿಸುತ್ತದೆ. ಗುಳಿ ಬಿದ್ದ ಕೋನನ್ನು ಉಜ್ಜಿ ಸರಿಪಡಿಸಲಾಗದು, ಬದಲಿಸಬೇಕು. ಗುಂಡುಗಳನ್ನಂತೂ ಪ್ರತಿ ಸಲವೂ ಹೊಸದಾಗಿ ಹಾಕಿ. ಹಳೆಯದರ ಜೊತೆ ಹೊಸದನ್ನು ಬೆರೆಸಿದರೆ ದೊಡ್ಡದಿರುವ ಒಂದೆರಡು ಗುಂಡುಗಳ ಮೇಲೆಯೇ ಭಾರವೆಲ್ಲ ಬೀಳುತ್ತದೆ.

ಗ್ರೀಸಿಗೆ ದುಬಾರಿ ಡಬ್ಬಿ ಬೇಕಿಲ್ಲ. ವಾಹನದ ಬಿಡಿಭಾಗದ ಅಂಗಡಿಯಲ್ಲಿ ಸಿಗುವ, ಎನ್‌ಎಲ್‌ಜಿಐ 2 ಎಂದು (ಅದು ಗ್ರೀಸಿನ ಗಟ್ಟಿತನದ ದರ್ಜೆ) ಬರೆದಿರುವ ಲಿಥಿಯಂ ಬೇರಿಂಗ್ ಗ್ರೀಸ್ ಧಾರಾಳವಾಗಿ ಸಾಕು, ಮಳೆಯ ಊರಿನವರು ನೀರು ತಡೆಯುವ ಕ್ಯಾಲ್ಸಿಯಂ ಗ್ರೀಸ್ ತೆಗೆದುಕೊಳ್ಳಬಹುದು. ಬೇರೆ ಬೇರೆ ಜಾತಿಯ ಗ್ರೀಸುಗಳು ಬೆರೆತರೆ ಕೆಲವೊಮ್ಮೆ ನೀರಾಗುವುದರಿಂದ ಹಳೆಯದನ್ನು ಪೂರ್ತಿ ಒರೆಸಿಯೇ ಹೊಸದು ಹಾಕಿ. ಕಪ್ಪಿಗೆ ಗ್ರೀಸ್ ತುಂಬಿ, ಗುಂಡುಗಳನ್ನು ಅದರಲ್ಲಿ ಹೂತು, ಮೇಲೆ ಮತ್ತೊಂದು ಪದರ ಸವರಿ, ಆಕ್ಸಲ್ಲನ್ನು ಗುಂಡುಗಳಿಗೆ ತಾಗದಂತೆ ಬಲಗಡೆಯಿಂದ ತೂರಿಸಿ. ಆಕ್ಸಲ್ ಲಾಕ್ ನಟ್ಟಿನಿಂದ ಎರಡೂ ಬದಿಗೆ ಸಮನಾಗಿ ಹೊರಚಾಚಿರಬೇಕು, ಆದರೆ ಫ್ರೇಮಿನಲ್ಲಿ ಆಕ್ಸಲ್ ಕೂರುವ ಸೀಳಿನ, ಅಂದರೆ ಡ್ರಾಪ್‌ಔಟಿನ, ದಪ್ಪವನ್ನು ಮೀರಬಾರದು; ಮೀರಿದರೆ ಲಿವರ್ ಫ್ರೇಮನ್ನು ಹಿಡಿಯದೆ ಆಕ್ಸಲ್ಲನ್ನೇ ಹಿಡಿಯುತ್ತದೆ. ಆಮೇಲೆ ಮೇಲೆ ಹೇಳಿದ ಹೊಂದಾಣಿಕೆ ಮತ್ತೆ ಮೊದಲಿನಿಂದ.

ಇದೇ ಚರ್ಚೆಯಲ್ಲಿ ಇನ್ನೊಬ್ಬರು ತಮ್ಮದು ‘ಸೀಲ್ಡ್ ಬೇರಿಂಗ್’ ಹಬ್ (ಗುಂಡುಗಳನ್ನು ಎರಡು ಉಂಗುರಗಳ ನಡುವೆ ಮುಚ್ಚಿಟ್ಟ ಬೇರಿಂಗ್ ಇರುವಂಥದ್ದು) ಎಂದಿದ್ದಾರೆ. ಅವರಿಗೆ ಕೋನ್‌ನ ಹೊಂದಾಣಿಕೆಯ ಈ ಮಾತು ಅನ್ವಯಿಸುವುದಿಲ್ಲ. ಅದರಲ್ಲಿ ಗಡಗಡ ಬಂದರೆ ಬೇರಿಂಗಿನ ಮೇಲಿನ ಸಂಖ್ಯೆ, ಉದಾಹರಣೆಗೆ 6902 2ಆರ್‌ಎಸ್, ಬರೆದುಕೊಂಡು ಯಾವುದೇ ಬೇರಿಂಗ್ ಅಂಗಡಿಯಲ್ಲಿ ಹೊಸದು ತರಬಹುದು. ಕೂರಿಸುವಾಗ ಹೊರಗಿನ ಉಂಗುರವನ್ನು ಮಾತ್ರ ಒತ್ತಬೇಕು.

ಪ್ರಶ್ನೆ ಕೇಳಿದವರು ಹಬ್ಬಿನ ಒಡಲ ಮೇಲೆ ‘ಎಫ್‌ಎಚ್’ ಎಂದು ಆರಂಭವಾಗುವ ಮಾದರಿ ಸಂಖ್ಯೆಯನ್ನು ಇಲ್ಲಿ ಹಾಕಿದರೆ ಅನುಕೂಲ. ನೋಡಲು ಒಂದೇ ತೆರನಾಗಿ ಕಂಡರೂ ಒಂದು ಮಾದರಿಯ ಕೋನ್ ಇನ್ನೊಂದಕ್ಕೆ ಹೊಂದದೇ ಇರಬಹುದು, ಅಂಗಡಿಗೆ ಹೋಗುವಾಗಲೂ ಬಿಚ್ಚಿದ ಕೋನನ್ನು ಕೈಯಲ್ಲೇ ಹಿಡಿದು ಹೋಗಿ.